ಪರಿಭಾಷೆ ಮತ್ತು ಪರಪೀಡೆ

ಆಡುವವನ ಮನಸ್ಸಿನಲ್ಲಿ ದ್ವೇಷವಿಲ್ಲದಿದ್ದರೆ ಅವನ ಮಾತು ನಿರ್ದೋಷವೆನಿಸುವುದೇ? ಈ ಪುರಾತನ ಪ್ರಶ್ನೆ ಈಚಿನ ದಶಕಗಳಲ್ಲಿ ಕಂಪ್ಯೂಟರ್ ಕ್ಷೇತ್ರದಲ್ಲಿ ಹೊಸದಾಗಿ ತಲೆದೋರಿದೆ.

ಒಂದು ಯಂತ್ರವು ಮತ್ತೊಂದನ್ನು ನಿಯಂತ್ರಿಸುವಾಗ ಮೊದಲನೆಯದನ್ನು ‘ಮಾಸ್ಟರ್’ ಅರ್ಥಾತ್ ಒಡೆಯನೆಂದೂ, ಎರಡನೆಯದನ್ನು ‘ಸ್ಲೇವ್’ ಅರ್ಥಾತ್ ಗುಲಾಮನೆಂದೂ ಕರೆಯುವುದು ತಂತ್ರಜ್ಞರ ಬಹುಕಾಲದ ರೂಢಿ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾದುದು 1865ರಲ್ಲಿ. ಆ ಗುಲಾಮರ ವಂಶಜರೂ ಇಂದು ಅದೇ ಯಂತ್ರಗಳ ಮುಂದೆ ಕುಳಿತು ದುಡಿಯುತ್ತಾರೆ. 2003ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಆಡಳಿತವು ಉಪಕರಣಗಳ ಮೇಲೆ ಈ ಹೆಸರುಗಳು ಬೇಡವೆಂದು ಪೂರೈಕೆದಾರರನ್ನು ಕೋರಿತು. ಮುಂದೆ 2014ರಲ್ಲಿ ಡ್ರುಪಲ್, 2018ರಲ್ಲಿ ಪೈಥಾನ್, 2020ರಲ್ಲಿ ಲಿನಕ್ಸ್ ಯೋಜನೆಗಳು ಬದಲಿ ಪದಗಳತ್ತ ಹೊರಳಿದವು.

ಯಂತ್ರಕ್ಕೆಂತಹ ಅವಮಾನವೆಂದು ವಿರೋಧಿಸುವವರುಂಟು. ಯಂತ್ರಕ್ಕೆ ಇಲ್ಲ, ನಿಜ, ಕೇಳುವವನಿಗೆ ಉಂಟು. ಅಲ್ಲದೆ ಹಳೆಯ ಹೆಸರು ಎಲ್ಲೆಡೆ ಯಥಾರ್ಥವೂ ಅಲ್ಲ. ದತ್ತಸಂಗ್ರಹದ ಎರಡನೆಯ ಯಂತ್ರವು ಅನೇಕ ವೇಳೆ ಮೊದಲನೆಯದರ ನಕಲನ್ನು ಇಟ್ಟುಕೊಳ್ಳುತ್ತದೆ, ಅಷ್ಟೆ. ಲೆಕ್ಕದ ಮೂಲಪುಸ್ತಕದ ಪ್ರತಿಯನ್ನು ಯಾವ ವರ್ತಕನೂ ಗುಲಾಮನೆನ್ನುವುದಿಲ್ಲ. ‘ಪ್ರಧಾನ’, ‘ಪ್ರತಿ’ ಎಂಬ ಹೊಸ ಹೆಸರುಗಳು ಮೃದುವಾಗಿರುವುದಷ್ಟೇ ಅಲ್ಲದೆ ಹೆಚ್ಚು ಸತ್ಯವೂ ಆಗಿವೆ.

ಆದರೆ ಎಲ್ಲ ಪದಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ‘ಬ್ಲ್ಯಾಕ್‌ಲಿಸ್ಟ್’, ಅಂದರೆ ಕಪ್ಪುಪಟ್ಟಿ, ಹದಿನೇಳನೆಯ ಶತಮಾನದಿಂದಲೂ ಇಂಗ್ಲಿಷಿನಲ್ಲಿರುವ ಪದ. ಅದು ಜನಾಂಗವನ್ನು ಕುರಿತು ಹುಟ್ಟಿದುದೆಂಬುದಕ್ಕೆ ಆಧಾರವಿಲ್ಲ. ಆದರೂ ಕಪ್ಪೆಂದರೆ ಕೆಟ್ಟದ್ದೆಂಬ ರೂಢಿಯನ್ನು ದಿನವೂ ಕೇಳುವವರ ನೋವು ಸುಳ್ಳಾಗದು. ಇಲ್ಲಿ ಪಂಡಿತರಲ್ಲಿಯೂ ಭಿನ್ನಾಭಿಪ್ರಾಯ ಸಹಜ.

ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಪ್ರಿಯವಚನವನ್ನೂ ಅಸತ್ಯದ ಪ್ರಭೇದಗಳಲ್ಲಿ ಎಣಿಸಿ, ಪ್ರಮಾದವನ್ನೇ ದೋಷದ ಮೂಲವೆಂದಿದ್ದಾರೆ. ಈ ಅಳತೆಗೋಲು ಇಲ್ಲಿಯೂ ಸಲ್ಲುತ್ತದೆ. ರೂಢಿಯಂತೆ ಅರಿಯದೆ ನುಡಿದವನನ್ನು ನಾಲ್ಕು ಜನರೆದುರು ಹೀನಾಯವಾಗಿ ಜರೆಯುವುದು ಮತ್ತೊಂದು ಕಟುವಚನವೇ ಸರಿ. ನೋವಾಗುತ್ತದೆಂದು ವಿನಯದಿಂದ ತಿಳಿಸಿದ ಮೇಲೆಯೂ ಹಠದಿಂದ ಅದನ್ನೇ ನುಡಿಯುವುದು ಪ್ರಮಾದ.

ಅಮೆರಿಕದ ಈ ಚರ್ಚೆಯನ್ನು ಕಂಡು ನಗುವ ಮುನ್ನ ನಮ್ಮ ಗಾದೆಗಳನ್ನು ನೆನೆಯುವುದು ಒಳಿತು. ಜಾತಿಯ, ಕಸುಬಿನ, ಅಂಗವೈಕಲ್ಯದ ಹೆಸರು ಹಿಡಿದು ಹಳಿಯುವ ಮಾತುಗಳು ಅವುಗಳಲ್ಲಿ ಕಡಮೆಯಿಲ್ಲ. ಅಂಗಡಿಯಲ್ಲಿ, ಸಭೆಯಲ್ಲಿ, ಮಕ್ಕಳೆದುರಿನಲ್ಲಿ ಅವು ನಿಶ್ಚಿಂತೆಯಿಂದ ಹೊರಬೀಳುತ್ತವೆ. ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಹೊಸ ಪರಿಭಾಷೆಯನ್ನು ಕಲಿತು ಮನೆಗೆ ಬಂದಾಗ, ಮನೆಯ ಮಾತೂ ಅದಕ್ಕೆ ತಕ್ಕುದಾಗಿರಬೇಡವೇ?

ಪದವನ್ನು ತಿದ್ದುವುದು ಸುಲಭ, ಖರ್ಚೂ ಅಲ್ಪ. ಆದುದರಿಂದಲೇ ಅದನ್ನು ಮಾಡಬೇಕು, ಅಷ್ಟಕ್ಕೇ ತೃಪ್ತರೂ ಆಗಬಾರದು. ನೊಂದವರಿಗೆ ಕೆಲಸ, ಗೌರವ, ಸಮಾನ ಆಸನಗಳು ದೊರೆಯದಿದ್ದರೆ ಹೊಸ ಹೆಸರಿನಿಂದ ಫಲವೇನು? ಖಾತೆಯ ಹೆಸರನ್ನು ಬದಲಿಸಿದ ಮಾತ್ರಕ್ಕೆ ಸಾಲ ತೀರದು.