ತಾತನ ಬಾಟಲಿ, ನನ್ನ ಲೆಕ್ಕ

ಬೇಸಿಗೆಯಲ್ಲಿ ಗುಡ್ಡದ ಕಾಲುದಾರಿಗಳಲ್ಲಿ ದೂರ ಓಡುವ ನಾಲ್ಕು ಜನ ಒಟ್ಟಿಗೆ ಕೂತರೆ ಮಾತು ಸುತ್ತಿ ಸುತ್ತಿ ಬಂದು ನಿಲ್ಲುವುದು ಒಂದೇ ಕಡೆ: ಎಷ್ಟು ನೀರು ಹೊತ್ತುಕೊಂಡು ಹೋಗಬೇಕು? ಒಬ್ಬರು ಒಂದು ಲೀಟರ್ ಸಾಕು ಅಂತಾರೆ, ಇನ್ನೊಬ್ಬರು ಎರಡಾದರೂ ಬೇಕೇ ಬೇಕು ಅಂತಾರೆ. ಬೆನ್ನಿನ ಚೀಲ ಒಳ್ಳೆಯದೋ, ಸೊಂಟದ ಬೆಲ್ಟೋ ಅಂತ ಅರ್ಧ ಗಂಟೆ ಜಗಳ ನಡೆಯುತ್ತೆ. ನಾನೂ ಈ ಜಗಳದಲ್ಲಿ ವರ್ಷಗಟ್ಟಲೆ ಪಾಲು ತಗೊಂಡವನೇ. ಇದು ಬರೀ ಲೆಕ್ಕದ ಪ್ರಶ್ನೆ ಅಂದುಕೊಂಡಿದ್ದೆ. ಇದರೊಳಗೆ ಸರಿ ತಪ್ಪಿನ ಪ್ರಶ್ನೆಯೂ ಕೂತಿದೆ ಅಂತ ಗೊತ್ತಾಗಿದ್ದು 2016ರ ಏಪ್ರಿಲ್‌ನಲ್ಲಿ.

ಆ ಏಪ್ರಿಲ್ ನಿಮಗೂ ನೆನಪಿರಬಹುದು. ತಿಂಗಳ ಕೊನೆಗೆ ಬೆಂಗಳೂರಿನಲ್ಲೇ 39.2 ಡಿಗ್ರಿ ಮುಟ್ಟಿತ್ತು. ಅಂಥದ್ದರಲ್ಲಿ ಒಂದು ಭಾನುವಾರ ನಾನು ದೊಡ್ಡಬಳ್ಳಾಪುರದ ಆಚೆ, ಮಾಕಳಿದುರ್ಗದ ಸುತ್ತಮುತ್ತಲ ಗುಡ್ಡಗಳಲ್ಲಿ 28 ಕಿಲೋಮೀಟರ್ ಓಡುತ್ತೇನೆ ಅಂತ ಒಬ್ಬನೇ ಹೊರಟೆ. ನಾಲ್ಕು ಗಂಟೆಯ ಅಂದಾಜು. ಎದೆಯ ಮೇಲಿನ ಜೇಬುಗಳಲ್ಲಿ ಅರ್ಧರ್ಧ ಲೀಟರಿನ ಎರಡು ಬಾಟಲಿ. ಗಂಟೆಗೆ ಅರ್ಧ ಲೀಟರ್ ಅಂದರೂ ಎರಡು ಲೀಟರ್ ಬೇಕು, ಆ ಬಿಸಿಲಿಗೆ ಇನ್ನೂ ಜಾಸ್ತಿಯೇ ಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಒಂದು ಲೀಟರ್ ಅಂದ್ರೆ ಒಂದು ಕೆಜಿ. ಹಗುರವಾಗಿ ಓಡಬೇಕು, ಹೋದ ಸಲಕ್ಕಿಂತ ಹತ್ತು ನಿಮಿಷ ಬೇಗ ಮುಗಿಸಬೇಕು ಅನ್ನುವ ಆಸೆ. ದಾರಿ ನಡುವೆ ಒಂದು ಊರು ಸಿಗುತ್ತೆ, ಅಲ್ಲಿ ಮಿನಿ ಟ್ಯಾಂಕ್ ಇದೆ. ಇಲ್ಲದಿದ್ರೆ ಯಾರಾದ್ರೂ ಕೊಡ್ತಾರೆ ಬಿಡು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಊರೇನೋ ಸಿಕ್ಕಿತು. ಟ್ಯಾಂಕಿನ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಮೋಟ್ರು ಸುಟ್ಟು ಮೂರು ದಿನ ಆಯ್ತಂತೆ. ರಸ್ತೆ ಪಕ್ಕ ಬಣ್ಣ ಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳು ಸಾಲಾಗಿ ಕೂತು ಟ್ಯಾಂಕರಿಗೆ ಕಾಯುತ್ತಿದ್ದವು. ಆ ಖಾಲಿ ಬಿಂದಿಗೆಗಳ ಮುಂದೆ ನಿಂತು, ದುಬಾರಿ ಶೂ ಹಾಕಿಕೊಂಡು, ‘ಸ್ವಲ್ಪ ನೀರು ಕೊಡಿ’ ಅನ್ನಲು ನಾಚಿಕೆಯಾಯಿತು. ಮುಂದೆ ನೋಡೋಣ ಅಂತ ಓಡಿದೆ. ಹತ್ತೊಂಬತ್ತನೇ ಕಿಲೋಮೀಟರಿಗೆ ನನ್ನ ಎರಡೂ ಬಾಟಲಿ ಖಾಲಿ. ಹನ್ನೊಂದು ಗಂಟೆಯ ಬಿಸಿಲು, ನೆರಳಿಲ್ಲದ ನೀಲಗಿರಿ ತೋಪು, ಒಣಗಿದ ಲಂಟಾನ. ಬೆವರು ನಿಲ್ಲುತ್ತಾ ಬಂದಿತ್ತು, ಮೈ ಜುಮ್ಮೆನ್ನುತ್ತಿತ್ತು. ಓಟ ಯಾವಾಗಲೋ ನಡಿಗೆಯಾಗಿತ್ತು.

ಒಂದು ಹೊಂಗೆ ಮರದ ಕೆಳಗೆ ಮೇಕೆ ಕಾಯುತ್ತಾ ಒಬ್ಬ ತಾತ ಕೂತಿದ್ದರು. ನನ್ನನ್ನು ನೋಡಿ, "ಯಾಕ್ ಸಾಮಿ ಹಿಂಗ್ ಓಡ್ ಬತ್ತಿದೀರ, ಏನಾರ ಅಟ್ಟಿಸ್ಕಂಡ್ ಬಂತಾ?" ಅಂದರು. ನಗಲೂ ತ್ರಾಣ ಇರಲಿಲ್ಲ. "ತಾತ, ನೀರಿದೆಯಾ?" ಅಂದೆ.

ಪಕ್ಕದಲ್ಲಿ ಹಳೇ ಜ್ಯೂಸಿನ ಬಾಟಲಿ ಇತ್ತು, ಸುತ್ತಲೂ ಒದ್ದೆ ಗೋಣಿಬಟ್ಟೆ ಸುತ್ತಿ ಹಗ್ಗ ಕಟ್ಟಿದ್ದರು. ಕೈಗೆತ್ತಿಕೊಂಡರು, ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, "ನಮ್ ನೀರು ಕುಡೀತೀರಾ ಸಾಮಿ?" ಅಂತ ಕೇಳಿದರು.

ಆ ಪ್ರಶ್ನೆಯ ಅರ್ಥ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನನಗೆ ಆಗ ಅರ್ಥವೂ ಬೇಕಿರಲಿಲ್ಲ, ನೀರು ಬೇಕಿತ್ತು. ಕಿತ್ತುಕೊಂಡವನ ಹಾಗೆ ಈಸಿಕೊಂಡು ಕುಡಿದೆ. ಅರ್ಧಕ್ಕಿಂತ ಜಾಸ್ತಿ ಇತ್ತು, ಪೂರ್ತಿ ಕುಡಿದೆ. ಬಾಟಲಿ ಖಾಲಿಯಾದ ಮೇಲೆ ಬುದ್ಧಿ ಬಂತು. "ತಾತ, ನಿಮಗೆ?" ಅಂದೆ. "ನಮ್ಗೇನ್ ಸಾಮಿ, ಅಭ್ಯಾಸ. ಐದು ಗಂಟೆಗೆ ಮೇಕೆ ಹೊಡ್ಕಂಡ್ ಮನೇಗ್ ಹೋಗದೇಯ" ಅಂದರು. ನೂರು ರೂಪಾಯಿ ಕೊಡಲು ಹೋದೆ. ಮುಖ ಸಣ್ಣದು ಮಾಡಿಕೊಂಡರು. "ನೀರಿಗೆ ದುಡ್ಡು ಇಸ್ಕಂತಾರಾ?"

ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿದೆ. ಸ್ನಾನ, ಊಟ, ನಿದ್ದೆ. ನಾಲ್ಕು ಗಂಟೆಗೆ ಎದ್ದು ಫ್ರಿಜ್ಜಿನಿಂದ ಮಜ್ಜಿಗೆ ತೆಗೆದು ಲೋಟಕ್ಕೆ ಹಾಕುವಾಗ ಗಡಿಯಾರ ಕಣ್ಣಿಗೆ ಬಿತ್ತು. ತಾತ ಮನೆಗೆ ಹೊರಡಲು ಇನ್ನೂ ಒಂದು ಗಂಟೆ ಇತ್ತು. ಅವರ ನೀರು ನನ್ನ ಹೊಟ್ಟೆಯಲ್ಲಿತ್ತು.

ಅವತ್ತಿನಿಂದ ನೀರಿನ ಕತೆಗಳನ್ನೆಲ್ಲ ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ಭಾಗವತದ ರಂತಿದೇವನ ಕತೆ ಗೊತ್ತಲ್ಲ? 48 ದಿನ ಉಪವಾಸವಿದ್ದ ರಾಜ. ಕೊನೆಗೆ ಸಿಕ್ಕಿದ ಅನ್ನವನ್ನು ಒಬ್ಬೊಬ್ಬ ಅತಿಥಿಗೂ ಕೊಟ್ಟು, ಉಳಿದಿದ್ದ ಒಂದಿಷ್ಟು ನೀರನ್ನು ಕುಡಿಯಬೇಕು ಅನ್ನುವಾಗ ಊರು ದೂರವಿಟ್ಟ ಒಬ್ಬ ಮನುಷ್ಯ ದಾಹ ಅಂತ ಬರುತ್ತಾನೆ. ಅದನ್ನೂ ಕೊಟ್ಟುಬಿಡುತ್ತಾನೆ. ಯೆಹೂದಿಗಳ ತಾಲ್ಮುಡ್‌ನಲ್ಲಿ ಇನ್ನೊಂದು ಚರ್ಚೆ ಬರುತ್ತೆ. ಮರುಭೂಮಿಯಲ್ಲಿ ಇಬ್ಬರು ನಡೆಯುತ್ತಿದ್ದಾರೆ, ಒಬ್ಬನ ಕೈಯಲ್ಲಿ ಮಾತ್ರ ನೀರಿದೆ. ಇಬ್ಬರೂ ಕುಡಿದರೆ ಇಬ್ಬರೂ ಸಾಯುತ್ತಾರೆ, ಒಬ್ಬನೇ ಕುಡಿದರೆ ಅವನು ಊರು ಮುಟ್ಟುತ್ತಾನೆ. ಬೆನ್ ಪೆತೂರಾ ಅನ್ನುವವರು, ಒಬ್ಬನ ಸಾವನ್ನು ಇನ್ನೊಬ್ಬ ನೋಡುವುದಕ್ಕಿಂತ ಇಬ್ಬರೂ ಹಂಚಿಕೊಂಡು ಕುಡಿಯಲಿ ಅಂದರು. ರಬ್ಬಿ ಅಕೀವಾ, ಇಲ್ಲ, ನಿನ್ನ ಜೀವ ಮೊದಲು ಅಂದರು.

ಎರಡೂ ದೊಡ್ಡ ಕತೆಗಳೇ. ಆದರೆ ಗಮನಿಸಿ, ಎರಡರಲ್ಲೂ ಪ್ರಶ್ನೆ ಇರುವುದು ನೀರು ಇರುವವನಿಗೆ. ಕೊಡಬೇಕೋ ಬೇಡವೋ ಅಂತ. ಕೇಳುವವನನ್ನು ಯಾರೂ ಏನೂ ಕೇಳುವುದಿಲ್ಲ. ನಿನ್ನ ಹತ್ತಿರ ನೀರು ಯಾಕಿಲ್ಲಪ್ಪ? ಮನೆಯಲ್ಲಿ ನಲ್ಲಿ ಇರಲಿಲ್ವಾ? ಹೊತ್ತುಕೊಳ್ಳಲು ಬೆನ್ನು ಇರಲಿಲ್ವಾ? ರಂತಿದೇವನ ಬಳಿ ಬಂದವನಿಗೆ ಈ ಪ್ರಶ್ನೆ ಕೇಳುವುದು ಕ್ರೂರತನ. ನನಗೆ ಕೇಳಲೇಬೇಕು.

ನಮ್ಮ ಕಡೆ ದಾಹ ಅಂದವರಿಗೆ ಇಲ್ಲ ಅನ್ನುವ ರೂಢಿಯಿಲ್ಲ. ಅದು ನಮ್ಮ ಜನರ ದೊಡ್ಡ ಗುಣ. ಅದಕ್ಕೇ ಅಲ್ಲಿ ಕೇಳುವುದಕ್ಕೂ ಕಿತ್ತುಕೊಳ್ಳುವುದಕ್ಕೂ ಅಂತರ ಕಡಿಮೆ. ಇಲ್ಲ ಅನ್ನಲಾಗದವರ ಮುಂದೆ ಕೈ ಚಾಚಿದರೆ ಅದು ಬೇಡಿಕೆಯಲ್ಲ, ಅಪ್ಪಣೆ. ಅದೂ ‘ಸಾಮಿ’ ಅಂತ ಕರೆಸಿಕೊಳ್ಳುವವನು ಚಾಚಿದರೆ!

ಇದನ್ನು ಜೊತೆಗೆ ಓಡುವ ಒಬ್ಬ ಗೆಳೆಯನಿಗೆ ಹೇಳಿದೆ. ಅವನು ನಕ್ಕ. "ಮಾರಾಯ, ಅತಿ ಮಾಡ್ಬೇಡ. ಎಲ್ಲರೂ ಅವರವರ ನೀರು ಅವರವರೇ ಹೊತ್ಕೊಂಡು ಹೋದ್ರೆ ಮನುಷ್ಯ ಮನುಷ್ಯನ ಹತ್ರ ಮಾತಾಡೋದೇ ನಿಂತೋಗುತ್ತೆ. ಅರವಟ್ಟಿಗೆ ಇಟ್ಟ ಊರು ನಮ್ದು. ತಾತನಿಗೂ ಕೊಟ್ಟ ಖುಷಿ ಇರುತ್ತೆ" ಅಂದ.

ಅವನ ಮಾತನ್ನು ತಳ್ಳಿಹಾಕಲು ನನಗೆ ಸುಲಭವಾಗಲಿಲ್ಲ. ತಗೊಳ್ಳುವುದೂ ಒಂದು ಸಂಬಂಧವೇ. ಯಾರಿಂದಲೂ ಏನೂ ಬೇಡ ಅನ್ನುವವನಲ್ಲಿ ಒಂದು ಜಂಬ ಇರುತ್ತೆ. ಆದರೂ ಅರವಟ್ಟಿಗೆಯ ಮಡಕೆಗೂ ತಾತನ ಬಾಟಲಿಗೂ ವ್ಯತ್ಯಾಸ ಇದೆ. ಅರವಟ್ಟಿಗೆ ಇಟ್ಟವರು ತಮ್ಮ ಮನೆಯ ನೀರು ತುಂಬಿಸಿಕೊಂಡು, ದಾರಿಹೋಕರಿಗೆ ಅಂತ ಬೇರೆಯೇ ತುಂಬಿಸಿ ಇಡುತ್ತಾರೆ. ಅದು ದಾರಿಯ ನೀರು. ತಾತನ ಬಾಟಲಿ ತಾತನ ಆ ದಿನ. ಕಾಲು ಉಳುಕಿ, ದಾರಿ ತಪ್ಪಿ, ಬಾಟಲಿ ಒಡೆದು ಹೋಗಿ ನಾನು ಕೇಳಿದ್ದರೆ ಅದು ಆಪತ್ತು. ಆಪತ್ತಿಗೆ ಯಾರ ನೀರನ್ನಾದರೂ ಕೇಳಬಹುದು. ನನ್ನದು ಆಪತ್ತಲ್ಲ, ಲೆಕ್ಕ. ‘ಯಾರಾದ್ರೂ ಕೊಡ್ತಾರೆ ಬಿಡು’ ಅಂತ ಬೆಳಗ್ಗೆ ಮನೆ ಬಿಡುವಾಗಲೇ ಆ ‘ಯಾರಾದ್ರೂ’ ಅನ್ನುವವರ ಒಳ್ಳೆಯತನವನ್ನು ನನ್ನ ಸಾಮಾನಿನ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದೆ. ನಾನು ಹೊರದ ಒಂದು ಕೆಜಿಯನ್ನು ತಾತನ ಮೇಲೆ ಹೊರಿಸಿದ್ದೆ. ಅವರು ಅಲ್ಲಿಗೆ ಹೊಟ್ಟೆಪಾಡಿಗೆ ಬಂದಿದ್ದರು. ನಾನು ಶೋಕಿಗೆ ಹೋಗಿದ್ದೆ.

ಹಾಗಾದರೆ ಸಾಕಷ್ಟು ಅಂದ್ರೆ ಎಷ್ಟು? ಜಾಸ್ತಿ ಕುಡಿದರೆ ಒಳ್ಳೆಯದು ಅಂತಲ್ಲ. ಬಾಸ್ಟನ್ ಮ್ಯಾರಥಾನ್ ಓಡಿದ 488 ಜನರ ರಕ್ತ ಪರೀಕ್ಷೆ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನೂರಕ್ಕೆ 13 ಜನರಿಗೆ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆಯಾಗಿತ್ತು. ಅತಿಯಾಗಿ ಕುಡಿದದ್ದು ಅದಕ್ಕೆ ದೊಡ್ಡ ಕಾರಣ. ಹಾಗಾಗಿ ನಾನೀಗ ತೂಕದ ಲೆಕ್ಕ ಇಡುತ್ತೇನೆ. ಬಿಸಿಲಿನಲ್ಲಿ ಒಂದು ಗಂಟೆ ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿದರೆ ನಮ್ಮ ಬೆವರಿನ ಅಂದಾಜು ಸಿಗುತ್ತೆ. ಒಂದು ಕೆಜಿ ಇಳಿದರೆ ಹೆಚ್ಚೂಕಡಿಮೆ ಒಂದು ಲೀಟರ್ ಬೆವರು. ಅದನ್ನೆಲ್ಲ ತುಂಬಿಸಿಕೊಳ್ಳಬೇಕಿಲ್ಲ, ಆದರೆ ದಾಹಕ್ಕೆ ತಕ್ಕಷ್ಟು ಕೈಯಲ್ಲಿ ಇರಬೇಕು. ಚಿಟಿಕೆ ಉಪ್ಪೂ ಇರಬೇಕು. ಅರ್ಧ ನೀರು ಮುಗಿದು ಅರ್ಧ ದಾರಿ ಮುಗಿದಿರದಿದ್ದರೆ ಹಿಂದಕ್ಕೆ ತಿರುಗಬೇಕು. ಇದು ನಾನು ಕಲಿತದ್ದರಲ್ಲೇ ಕಷ್ಟದ್ದು. ಅವತ್ತು ಆ ಊರಿನ ಟ್ಯಾಂಕಿನ ಹತ್ತಿರವೇ ಓಟ ನಿಲ್ಲಿಸಿ, ಟಾರ್ ರಸ್ತೆಗೆ ಹೋಗಿ ಬಸ್ಸು ಹತ್ತಬಹುದಿತ್ತು. ಗಡಿಯಾರ ಬಿಡಲಿಲ್ಲ.

ಇಷ್ಟರ ಮೇಲೆ ಅರ್ಧ ಲೀಟರ್ ಬೇರೆ ಇಡುತ್ತೇನೆ. ಅದನ್ನು ನನ್ನ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಡೆದಾಡುವ ಪುಟ್ಟ ಅರವಟ್ಟಿಗೆ ಅಂತ ಗೆಳೆಯ ಗೇಲಿ ಮಾಡುತ್ತಾನೆ.

ಮಳೆ ಶುರುವಾದ ಮೇಲೆ ಅದೇ ದಾರಿಯಲ್ಲಿ ಎರಡು ಸಲ ಹೋದೆ. ತಾತ ಸಿಗಲಿಲ್ಲ. ಸಿಕ್ಕಿ, ನಾನೊಂದು ಬಾಟಲಿ ನೀರು ಕೊಟ್ಟಿದ್ದರೆ ಹಗುರವಾಗುತ್ತಿದ್ದುದು ನನ್ನ ಮನಸ್ಸೇ, ಅವರ ಆ ಮಧ್ಯಾಹ್ನವಲ್ಲ.

ಮೊನ್ನೆ ಮಾರ್ಚ್‌ನಲ್ಲಿ ಗುಡ್ಡ ಇಳಿಯುವಾಗ ಕಾಲೇಜು ಹುಡುಗನೊಬ್ಬ ಸುಸ್ತಾಗಿ ಬಂಡೆಯ ಮೇಲೆ ಕೂತಿದ್ದ. "ಅಣ್ಣಾ, ನೀರಿದೆಯಾ?" ಅಂದ. ಆ ಅರ್ಧ ಲೀಟರ್ ತೆಗೆದೆ. ಕೊಡುವ ಮುಂಚೆ ಒಂದು ಕ್ಷಣ ಕೈ ತಡೆಯಿತು. ಉಳಿದಿರುವುದು ಎಷ್ಟು, ದಾರಿ ಎಷ್ಟು, ಬಿಸಿಲು ಎಷ್ಟು ಅಂತ ಒಳಗೇ ಗುಣಾಕಾರ ನಡೆಯಿತು. ಬೇರೆಯವರಿಗೆ ಅಂತಲೇ ತಂದ ನೀರಿಗೂ! ಆಮೇಲೆ ಕೊಟ್ಟೆ.

ತಾತ ಬಾಟಲಿ ಕೈಗೆತ್ತಿಕೊಂಡು ಸುಮ್ಮನಿದ್ದ ಆ ಒಂದು ಕ್ಷಣ ನೆನಪಾಯಿತು. ಜಾತಿಯ ಅಳುಕಿನಿಂದ ತಡೆದರು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅಷ್ಟೇ ಇರಲಿಕ್ಕಿಲ್ಲ. ಅವರೂ ಐದು ಗಂಟೆಯವರೆಗಿನ ಲೆಕ್ಕ ಹಾಕಿರಬೇಕು. ಸಾಲದು ಅಂತ ಗೊತ್ತಾಗಿಯೇ ಕೊಟ್ಟಿರಬೇಕು.