ಹೆಸರು ಕಾಣದ ಪರೀಕ್ಷೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂತೆಂದರೆ ನಮ್ಮ ಊರಿನ ತಾಯಂದಿರದು ಒಂದೇ ಪ್ರಶ್ನೆ: "ಟೀಚರ್, ನಮ್ಮ ಹುಡುಗೀನ ಡಾಕ್ಟರ್ ಮಾಡಬೇಕು, ಯಾವ ಕಾಲೇಜಿಗೆ ಹಾಕೋಣ?" ಹೆಸರಾಂತ ಪಿ.ಯು. ಕಾಲೇಜು ಸಿಕ್ಕರೆ ಮೆಡಿಕಲ್ ಸೀಟು ಅರ್ಧ ಸಿಕ್ಕಂತೆಯೇ ಎಂಬ ನಂಬಿಕೆ. ಅದಕ್ಕಾಗಿ ಬಳೆ ಅಡವಿಟ್ಟವರನ್ನೂ ಬಲ್ಲೆ.

ಅಮೆರಿಕದಲ್ಲಾದರೆ ಈ ನಂಬಿಕೆಗೆ ಕೊಂಚ ಆಧಾರವುಂಟು. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೆಯೇ ವೈದ್ಯಕೀಯ ಓದು. ಪ್ರವೇಶ ಪರೀಕ್ಷೆಯ ಅಂಕದ ಜೊತೆಗೆ ಪದವಿ ಕಾಲೇಜಿನ ಹೆಸರೂ ಅರ್ಜಿಯಲ್ಲಿರುತ್ತದೆ, ಆರಿಸುವವರ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಹಾಗಲ್ಲ. 1994ರಲ್ಲಿ ಸಿ.ಇ.ಟಿ. ಬಂತು, 2017ರಿಂದ ನಮ್ಮ ಸರ್ಕಾರಿ ಸೀಟುಗಳಿಗೂ ನೀಟ್ ಬಂತು. 720 ಅಂಕಗಳ ಆ ಉತ್ತರಪತ್ರಿಕೆ ಓದುವ ಯಂತ್ರಕ್ಕೆ ಮಗು ಮಂಗಳೂರಿನಲ್ಲಿ ಓದಿತೋ ಸಿಂಧನೂರಿನಲ್ಲಿ ಓದಿತೋ ತಿಳಿಯದು.

ಹಾಗಾದರೆ ಕಾಲೇಜಿನ ಹೆಸರಿಗೆ ಬೆಲೆಯೇ ಇಲ್ಲವೆ? ಇದೆ, ಬೇರೆ ದಾರಿಯಿಂದ. ದೊಡ್ಡ ಹೆಸರಿನ ಕಡೆ ಮೊದಲೇ ಜಾಣರಾದ ಮಕ್ಕಳು ಹೋಗುತ್ತಾರೆ. ಎರಡು ವರ್ಷದ ನಂತರ ಅವರು ಗೆದ್ದಾಗ ಫೋಟೊ ಕಾಲೇಜಿನ ಜಾಹೀರಾತಿನಲ್ಲಿ. ಹಾಲು ಕೊಟ್ಟದ್ದು ಹಸು, ಹೆಸರು ಬಂದದ್ದು ಡೇರಿಗೆ!

ಆದರೂ ಆ ಶುಲ್ಕ ಒಂದನ್ನು ಕೊಳ್ಳುತ್ತದೆ: ಬಿಡುವು. ಹಾಸ್ಟೆಲಿನ ಹುಡುಗಿ ನೀರು ಹಿಡಿಯಬೇಕಿಲ್ಲ, ಪಾತ್ರೆ ತೊಳೆಯಬೇಕಿಲ್ಲ. ನಾನು ಪಾಠ ಹೇಳಿದ ಹುಡುಗಿಯೊಬ್ಬಳು ಮನೆಗೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಪುಸ್ತಕ ಹಿಡಿಯುತ್ತಿದ್ದಳು. ಅವಳ ಕಾಲೇಜಿನಲ್ಲಿ ಅರ್ಧ ವರ್ಷ ಭೌತಶಾಸ್ತ್ರಕ್ಕೆ ಉಪನ್ಯಾಸಕರೇ ಇರಲಿಲ್ಲ. ಅವಳಿಗೆ ಸೀಟು ಸಿಗಲಿಲ್ಲ. ಅವಳ ಬುದ್ಧಿ ಕಡಿಮೆಯೆಂದು ಆ ರ‍್ಯಾಂಕ್ ನೋಡಿ ಹೇಳಬಹುದೆ?

ಹೆಸರು ನೋಡದಿರುವುದು ನ್ಯಾಯದ ಮೊದಲ ಮೆಟ್ಟಿಲು, ಕೊನೆಯದಲ್ಲ. 2020ರಲ್ಲಿ ತಮಿಳುನಾಡು ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ಶೇ. 7.5ರಷ್ಟು ವೈದ್ಯಕೀಯ ಸೀಟು ಮೀಸಲಿಟ್ಟಿತು. ಅಂಕದ ಹಿಂದಿನ ಬದುಕನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆ ಕ್ರಮ ನನಗೆ ಸರಿಯೆನಿಸುತ್ತದೆ.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ನಾವು ತಾಯಂದಿರು ಮಾಡಬಹುದಾದದ್ದೂ ಇದೆ. ಕಾಲೇಜಿನ ಬೋರ್ಡು ನೋಡಿ ಬಳೆ ಬಿಚ್ಚುವ ಮೊದಲು ಅಲ್ಲಿ ಪಾಠ ಮಾಡುವವರಿದ್ದಾರೆಯೇ ಎಂದು ಕೇಳೋಣ. ಸಂಜೆಯ ಎರಡು ಗಂಟೆ ಮಗಳ ಕೈಯಿಂದ ಪೊರಕೆ ತೆಗೆದುಕೊಳ್ಳೋಣ. ಬೇಕಾದರೆ ಮಗನ ಕೈಗೆ ಕೊಡೋಣ.