ಹಾಲು ಮತ್ತು ಆಲು

ಕೆಲಸ ಬದಲಾದಾಗ ಮನುಷ್ಯ ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು? ಈ ಪ್ರಶ್ನೆ ನನಗೆ ಎದುರಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ.

ಮಂಡ್ಯದಲ್ಲಿ ಬಿ.ಎಡ್. ಮುಗಿಸಿದ ನಾನು ಮದ್ದೂರಿನಿಂದ ದಿನವೂ ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ, ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದೆ. ಸಂಧಿ, ಸಮಾಸ, ಛಂದಸ್ಸು ಕಲಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. 2016ರಲ್ಲಿ ನಮ್ಮ ಯಜಮಾನರಿಗೆ ದುಬೈಯಲ್ಲಿ ಕೆಲಸವಾಯಿತು. ರಾಜೀನಾಮೆ ಕೊಟ್ಟು ನಾನೂ ಹೊರಟೆ. ಅಲ್ಲಿ ಕನ್ನಡದವರು ಮಕ್ಕಳಿಗಾಗಿ ನಡೆಸುತ್ತಿದ್ದ ವಾರದ ತರಗತಿಗೆ ಟೀಚರಾದೆ. ಆಗಿನ್ನೂ ಅಲ್ಲಿ ವಾರದ ರಜೆ ಶುಕ್ರವಾರ ಶುರುವಾಗುತ್ತಿತ್ತು.

ಮೊದಲ ದಿನ ವರ್ಣಮಾಲೆ ಬರೆದು ಸ್ವರ, ವ್ಯಂಜನ ವಿವರಿಸಿದೆ. ಮಕ್ಕಳು ಕಿಟಕಿಯತ್ತ ನೋಡುತ್ತಿದ್ದರು. ಅವರಿಗೆ ಬೇಕಿದ್ದದ್ದು 'ನೀರು ಕೊಡಿ' ಎನ್ನುವಷ್ಟು ಮಾತು. ಷಟ್ಪದಿಗೆ ಪ್ರಸ್ತಾರ ಹಾಕಿಸುತ್ತಿದ್ದವಳು ಈಗ ನೀರು, ಅನ್ನ ಎಂದು ಹೇಳಿಕೊಡಬೇಕೆ ಎಂದು ಒಳಗೊಳಗೇ ಕುಗ್ಗಿದೆ.

ಸಮಾಧಾನಕ್ಕೆ ದೊಡ್ಡವರನ್ನು ನೆನೆದೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಬೆಳಗಾವಿ ಮುಂತಾದೆಡೆ ಇಂಗ್ಲಿಷ್ ಮೇಷ್ಟ್ರಾಗಿದ್ದರು. ದೂರದ ಷಿಕಾಗೋಗೆ ಹೋಗಿ ದ್ರಾವಿಡ ಭಾಷೆಗಳ ಮೇಷ್ಟ್ರಾದರು. ಜರ್ಮನಿಯ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದದ್ದು ಧರ್ಮ ಬೋಧಿಸಲು. ಆದರೆ ಕನ್ನಡದ ಮುಂದೆ ಶಿಷ್ಯರಾಗಿ ಕುಳಿತರು. 1894ರಲ್ಲಿ ಅವರ ನಿಘಂಟು ಹೊರಬಂತು. ಶಿಷ್ಯಳಾಗಿ ಕೂರುವುದು ನನಗೆ ಮಾತ್ರ ಕಷ್ಟವಾಗಿತ್ತು.

ಒಂದು ದಿನ ತಿಂಡಿಯ ಹೊತ್ತಿನಲ್ಲಿ ಏಳು ವರ್ಷದ ಹುಡುಗಿಯೊಬ್ಬಳು, "ಮಿಸ್, ನಂಗೆ ಆಲು ಬ್ಯಾಡ" ಎಂದಳು. ಅವಳ ಅಜ್ಜಿ ಮದ್ದೂರಿನ ಕಡೆಯವರು. ಫೋನಿನಲ್ಲಿ ಅಜ್ಜಿಯಿಂದ ಕಲಿತ ಮಾತು. ತಿದ್ದಲು ಬಾಯಿ ತೆರೆದವಳು ಸುಮ್ಮನಾದೆ. ಯಾರೂ ಹೇಳಿಕೊಡದೆ ಆ ತರಗತಿಯಲ್ಲಿ ನಾನು ಕೇಳಿದ ಮೊದಲ ಕನ್ನಡ ವಾಕ್ಯ ಅದು.

ಮಳವಳ್ಳಿಯ ಹುಡುಗನೊಬ್ಬ ನೆನಪಾದ. ಅವನು 'ಆಲು' ಎಂದದ್ದಕ್ಕೆ 'ಹಾಲು' ಎಂದು ಐವತ್ತು ಸಲ ಬರೆಸಿದ್ದೆ. ತರಗತಿಯೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅವನು ಎದ್ದು ನಿಂತು ಒಂದು ಉತ್ತರವನ್ನೂ ಹೇಳಲಿಲ್ಲ. ಅವನು ಶಿಸ್ತು ಕಲಿತ ಎಂದೇ ನಾನು ತಿಳಿದಿದ್ದೆ.

ಬರವಣಿಗೆಗೆ ಹಕಾರ ಬೇಕು, ನಿಜ. ಪರೀಕ್ಷೆ ಬರೆಯುವ ಹುಡುಗನಿಗೆ ಅದನ್ನು ಕಲಿಸದಿದ್ದರೆ ಅದೂ ಅನ್ಯಾಯವೇ. ಆದರೆ ಕಲಿಸುವುದು ಬೇರೆ, ನಾಚಿಸುವುದು ಬೇರೆ. ಇಡೀ ಊರೇ ಕನ್ನಡ ಮಾತಾಡುವಾಗ ಒಂದು ಬಾಯಿ ಮುಚ್ಚಿಕೊಂಡದ್ದು ನನಗೆ ನಷ್ಟವೆನಿಸಿರಲಿಲ್ಲ. ಕನ್ನಡವೇ ವಿರಳವಾದ ಊರಿಗೆ ಹೋದ ಮೇಲೆ ಅದರ ಬೆಲೆ ತಿಳಿಯಿತು.

ಹೊಸ ಕೆಲಸಕ್ಕೆ ಹೊಂದಿಕೊಳ್ಳುವುದೆಂದರೆ ಹೊಸ ವಿಧಾನ ಕಲಿಯುವುದು ಎಂದುಕೊಂಡಿದ್ದೆ. ಹಳೆಯ ಕೆಲಸದ ಲೆಕ್ಕ ಒಪ್ಪಿಸುವುದೂ ಅದರಲ್ಲಿ ಸೇರಿದೆ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಸಿಕ್ಕರೆ ಕ್ಷಮೆ ಕೇಳಬೇಕು.

ಈಗ ಮದ್ದೂರಿಗೆ ಮರಳಿದ್ದೇನೆ. ಸಂಜೆ ಅಕ್ಕಪಕ್ಕದ ಮಕ್ಕಳು ಪಾಠಕ್ಕೆ ಬರುತ್ತಾರೆ. ಯಾರಾದರೂ 'ಆಲು' ಎಂದರೆ ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳುತ್ತೇನೆ. ಆಮೇಲೆ ಹಲಗೆಯ ಮೇಲೆ 'ಹಾಲು' ಎಂದು ಬರೆಯುತ್ತೇನೆ.